ಬಸ್ಸಾರಿನ ಪಲ್ಯ ಭಾವನಿಗೆ, ಸಾರು ನಿಮಗೆ

"ಅಕ್ಕ, ಆ ಬಾಳೆದಿಂಡಿನ ರಸ ಕೊಡೋದನ್ನ ಇವತ್ತಿಗೇ ನಿಲ್ಲಿಸಿಬಿಡಿ."

ಕಾಂಪೌಂಡ್ ಗೋಡೆಯ ಆಚೆ ಕರಿಬೇವು ಕೀಳುತ್ತಿದ್ದ ಪಕ್ಕದ ಮನೆ ಅಕ್ಕ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಭಾವನವರ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 2.1 ಅಂತ ಬಂದ ಮೇಲೆ ಅವರ ಮನೆಗೆ ಬಂದವರೆಲ್ಲ ಒಂದೊಂದು ಮದ್ದು ಹೇಳಿ ಹೋಗಿದ್ದಾರೆ. ಒಬ್ಬರು ಬಾಳೆದಿಂಡು, ಒಬ್ಬರು ಹುರುಳಿಕಟ್ಟು, ಮೈದುನ ದಿನಕ್ಕೆರಡು ಎಳನೀರು, ಬೀಗರು ಬಾರ್ಲಿ ನೀರು. ಇದೆಲ್ಲದರ ಮೇಲೆ ದಿನಕ್ಕೆ ನಾಲ್ಕು ಲೀಟರ್ ನೀರು ಬೇರೆ.

"ಯಾಕೇ? ಕಿಡ್ನಿಗೆ ಬಾಳೆದಿಂಡಿಗಿಂತ ಒಳ್ಳೇದು ಇಲ್ಲ ಅಂತಾರಲ್ಲ?"

"ಅದು ಕಲ್ಲಾದವರಿಗೆ ಹೇಳೋ ಮಾತು ಅಕ್ಕ. ಭಾವನಿಗೆ ಆಗಿರೋದು ಕಲ್ಲಲ್ಲ."

ಈ ಎರಡನ್ನೂ ನಮ್ಮ ಜನ ಒಂದೇ ಮಾಡಿಬಿಟ್ಟಿದ್ದಾರೆ, ನನಗೆ ಅದೇ ಸಂಕಟ. ಕಿಡ್ನಿಯಲ್ಲಿ ಕಲ್ಲು ಕಟ್ಟುವವರಿಗೆ ನೀರು ಚೆನ್ನಾಗಿ ಕುಡಿಯಿರಿ ಅನ್ನುವುದು ಸರಿಯಾದ ಮಾತು. ಮೂತ್ರ ತೆಳುವಾದಷ್ಟೂ ಕಲ್ಲು ಕಟ್ಟುವುದು ಕಡಿಮೆ. ಆದರೆ ಸಕ್ಕರೆ ಕಾಯಿಲೆಯಿಂದಲೋ ಬಿ.ಪಿ.ಯಿಂದಲೋ ವರ್ಷಗಟ್ಟಲೆ ನಿಧಾನವಾಗಿ ಕಿಡ್ನಿ ಸೊರಗುತ್ತಾ ಬರುವುದಿದೆಯಲ್ಲ, ಅದು ಬೇರೆಯೇ ಕಾಯಿಲೆ. ಅಲ್ಲಿ ರಕ್ತ ಸೋಸುವ ಶಕ್ತಿಯೇ ಕುಗ್ಗಿರುತ್ತದೆ. ತಿಂದದ್ದರಲ್ಲಿ ಹೆಚ್ಚಾದ ಉಪ್ಪು, ಪೊಟ್ಯಾಸಿಯಂ, ಫಾಸ್ಫರಸ್ ಮೂತ್ರದಲ್ಲಿ ಹೊರಗೆ ಹೋಗುವ ಬದಲು ರಕ್ತದಲ್ಲೇ ಉಳಿಯುತ್ತವೆ. ಬಾಳೆದಿಂಡಿನ ರಸ, ಎಳನೀರು ಎರಡರಲ್ಲೂ ಇರುವುದು ಅದೇ ಪೊಟ್ಯಾಸಿಯಂ. ನೂರು ಮಿಲಿಲೀಟರ್ ಎಳನೀರಿನಲ್ಲಿ ಸುಮಾರು 250 ಮಿಲಿಗ್ರಾಂ ಇರುತ್ತದೆ. ಒಂದು ಒಳ್ಳೆಯ ಗಾತ್ರದ ಎಳನೀರು ಕುಡಿದರೆ ಎರಡು ಬಾಳೆಹಣ್ಣು ತಿಂದಷ್ಟಾಯಿತು. ಗಟ್ಟಿ ಕಿಡ್ನಿ ಇದ್ದವರಿಗೆ ಅದು ಅಮೃತವೇ. ಸೊರಗಿದ ಕಿಡ್ನಿಯವರಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಏರುತ್ತಿದೆ ಅಂತ ಮೊದಲೇ ತಿಳಿಸುವ ನೋವೂ ಇಲ್ಲ, ಜ್ವರವೂ ಇಲ್ಲ. ರಕ್ತಪರೀಕ್ಷೆಯೇ ಹೇಳಬೇಕು.

ನಮ್ಮತ್ತೆಗೆ ಇದೇ ಕಾಯಿಲೆ ಇತ್ತು. ಕೊನೆಗಾಲದಲ್ಲಿ ಡಯಾಲಿಸಿಸ್ ಕೂಡ ಆಯಿತು. ಅಷ್ಟು ದಿನವೂ ಅವರ ಅಡುಗೆ ನನ್ನದೇ. ಹಾಗಾಗಿ ಅಕ್ಕ ರಿಪೋರ್ಟು ತಂದು ಗೋಡೆಯ ಮೇಲೆ ಇಟ್ಟಾಗ ಯಾವ ಸಾಲು ನೋಡಬೇಕು ಅಂತ ನನಗೆ ಗೊತ್ತಿತ್ತು. ಕ್ರಿಯಾಟಿನಿನ್ ಕೆಳಗೆ ಇ-ಜಿಎಫ್‌ಆರ್ ಅಂತ ಇರುತ್ತದೆ. ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವುದರ ಅಂದಾಜು ಅದು. ಭಾವನವರದ್ದು 34. ಮೂವತ್ತರಿಂದ ಅರವತ್ತರ ಒಳಗಿದ್ದರೆ ಮೂರನೇ ಹಂತ, ಹದಿನೈದಕ್ಕಿಂತ ಕೆಳಗಿಳಿದರೆ ಐದನೆಯ, ಅಂದರೆ ಕೊನೆಯ ಹಂತ. ಪೊಟ್ಯಾಸಿಯಂ 5.4. ಸಾಮಾನ್ಯವಾಗಿ ಅದು 3.5ರಿಂದ 5ರ ಒಳಗೆ ಇರಬೇಕು.

"ಅಂದ್ರೆ ಡಯಾಲಿಸಿಸ್ಸೇನೇ?" ಅಕ್ಕನ ಕಣ್ಣು ತುಂಬಿತ್ತು.

"ಇಲ್ಲ ಅಕ್ಕ. ಇಲ್ಲೇ ಹಿಡಿದು ನಿಲ್ಲಿಸಿಕೊಂಡು ವರ್ಷಗಟ್ಟಲೆ ಚೆನ್ನಾಗಿರೋರು ಎಷ್ಟೋ ಜನ ಇದ್ದಾರೆ. ಸಕ್ಕರೆ, ಬಿ.ಪಿ. ಹತೋಟೀಲಿರಬೇಕು, ಡಾಕ್ಟರ್ ಕೊಟ್ಟ ಮಾತ್ರೆ ತಪ್ಪಬಾರದು. ಉಳಿದದ್ದು ನಿಮ್ಮ ಅಡುಗೆಮನೇಲಿದೆ. ತಿಂಗಳಿಗೆ ಎಷ್ಟು ಉಪ್ಪು ತರ್ತೀರಿ?"

"ಉಪ್ಪಾ? ಒಂದು ಕೆಜಿ ಪ್ಯಾಕೆಟ್ಟು. ಒಂದೊಂದು ತಿಂಗಳು ಅದೂ ಸಾಲಲ್ಲ."

ಮನೆಯಲ್ಲಿ ಇರುವವರು ನಾಲ್ಕು ಜನ. ಒಂದು ಸಾವಿರ ಗ್ರಾಮನ್ನು ನಾಲ್ವರಿಗೆ, ಮೂವತ್ತು ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ ಎಂಟು ಗ್ರಾಂ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಗಟ್ಟಿಮುಟ್ಟಾಗಿ ಇರುವವರಿಗೂ 5 ಗ್ರಾಂ ಒಳಗೆ, ಅಂದರೆ ಒಂದು ಸಣ್ಣ ಚಮಚ. ಆ ಲೆಕ್ಕದಲ್ಲಿ ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬೇಕರಿಯ ಖಾರಾ ಬಿಸ್ಕತ್ತು ಇವು ಯಾವುವೂ ಆ ಲೆಕ್ಕದಲ್ಲಿ ಬಂದೇ ಇಲ್ಲ. ಹಪ್ಪಳದಲ್ಲಂತೂ ಉಪ್ಪಿನ ಜೊತೆ ಸೋಡವೂ ಸೇರಿರುತ್ತದೆ, ಅದರಲ್ಲಿರುವುದೂ ಸೋಡಿಯಮ್ಮೇ. ನಾನು ಅಕ್ಕನಿಗೆ ಹೇಳಿದ್ದು ಇಷ್ಟೇ: ತಿಂಗಳ ಮೊದಲ ದಿನ ಉಪ್ಪನ್ನು ತೂಗಿ ಒಂದು ಡಬ್ಬಿಗೆ ಹಾಕಿ, ತಿಂಗಳಿಡೀ ಅದರಲ್ಲೇ ಅಡುಗೆ ಮಾಡಿ. ಭಾವನಿಗೆ ಬೇರೆ, ಮಿಕ್ಕವರಿಗೆ ಬೇರೆ ಅಂತ ಎರಡು ಪಾತ್ರೆ ಇಡುವ ಮನೆಗಳಲ್ಲಿ ಕಾಯಿಲೆಯವರು ಒಂಟಿಯಾಗುತ್ತಾರೆ. ಆಮೇಲೆ ಕದ್ದು ಉಪ್ಪಿನಕಾಯಿ ತಿನ್ನುತ್ತಾರೆ. ಎಲ್ಲರೂ ಒಟ್ಟಿಗೆ ಕಡಿಮೆ ಮಾಡಿದರೆ ಕೆಲವು ವಾರಗಳಲ್ಲಿ ಎಲ್ಲರ ನಾಲಿಗೆಯೂ ಹೊಂದಿಕೊಳ್ಳುತ್ತದೆ. ಉಪ್ಪಿಳಿದರೆ ಬಿ.ಪಿ. ಇಳಿಯುತ್ತದೆ, ಕಾಲಿನ ಊತ ಇಳಿಯುತ್ತದೆ, ಬಾಯಾರಿಕೆಯೂ ಇಳಿಯುತ್ತದೆ.

"ಅಂಗಡೀಲಿ ಬಿ.ಪಿ.ಯವರಿಗೆ ಅಂತ ಬೇರೆ ಉಪ್ಪು ಬಂದಿದೆಯಲ್ಲ, ಸೋಡಿಯಂ ಕಡಿಮೆ ಇರೋದು. ಅದನ್ನೇ ತರಿಸಲಾ?"

"ಬೇಡವೇ ಬೇಡ ಅಕ್ಕ!" ನನ್ನ ದನಿ ಸ್ವಲ್ಪ ಜೋರಾಯಿತು ಅಂತ ಕಾಣುತ್ತದೆ. ಕಿಡ್ನಿ ಗಟ್ಟಿಯಿರುವವರಿಗೆ ಅದು ಒಳ್ಳೆಯದೇ. ಆದರೆ ಅದರಲ್ಲಿ ತೆಗೆದ ಸೋಡಿಯಂ ಜಾಗಕ್ಕೆ ಹಾಕಿರುವುದು ಪೊಟ್ಯಾಸಿಯಂ ಕ್ಲೋರೈಡ್. 5.4 ಇರುವವರಿಗೆ ಅದನ್ನು ಸಾರಿಗೆ ಹಾಕಿ ಬಡಿಸಿದರೆ ಅಪಾಯವನ್ನು ನಾವೇ ಮನೆಯೊಳಗೆ ಕರೆದಂತೆ. ಸೈಂಧವ ಲವಣವೋ ಗುಲಾಬಿ ಬಣ್ಣದ ಉಪ್ಪೋ ತಂದರೆ ಲಾಭವೂ ಇಲ್ಲ, ಅವೂ ಬಹುಪಾಲು ಸೋಡಿಯಂ ಕ್ಲೋರೈಡೇ. ರುಚಿ ಬೇಕಾದರೆ ನಮ್ಮ ಒಗ್ಗರಣೆಗೆ ಏನು ಕಮ್ಮಿ? ಜೀರಿಗೆ, ಕಾಳುಮೆಣಸು, ಇಂಗು, ಬೆಳ್ಳುಳ್ಳಿ, ಶುಂಠಿ, ಕೊತ್ತಂಬರಿ, ಈಗ ಅಕ್ಕನ ಕೈಯಲ್ಲೇ ಇದ್ದ ಕರಿಬೇವು. ಮೇಲೆ ನಾಲ್ಕು ಹನಿ ನಿಂಬೆಹುಳಿ ಹಿಂಡಿ, ಉಪ್ಪನ್ನು ಕೊನೆಯಲ್ಲಿ ಹಾಕಿದರೆ ಸ್ವಲ್ಪವೇ ನಾಲಿಗೆಗೆ ಚೆನ್ನಾಗಿ ತಾಗುತ್ತದೆ. ನಮ್ಮತ್ತೆಗೆ ನಾನು ಮಾಡುತ್ತಿದ್ದ ಹೀರೇಕಾಯಿ ಪಲ್ಯಕ್ಕೆ ಹಸಿಮೆಣಸು, ಇಂಗು ಧಾರಾಳವಾಗಿ ಬೀಳುತ್ತಿತ್ತು. ಮನೆಯವರೆಲ್ಲ ಅದನ್ನೇ ಬಡಿಸು ಅನ್ನುತ್ತಿದ್ದರು.

ಮಾತು ಸೊಪ್ಪಿಗೆ ಬಂದಾಗ ಅಕ್ಕನ ನಿಜವಾದ ದುಃಖ ಹೊರಗೆ ಬಂತು. "ಸೊಪ್ಪು ಮುಟ್ಟಬಾರದು ಅಂತ ಯಾರೋ ಹೇಳಿದ್ರು ಕಣೇ. ನಮ್ಮೋರಿಗೆ ಬಸ್ಸಾರು, ಮುದ್ದೆ ಇಲ್ದೆ ಊಟ ಇಳಿಯಲ್ಲ. ಮದುವೆಯಾದಾಗಿಂದ ನೋಡಿದ್ದೀನಿ. ಈಗ ತಟ್ಟೆ ಮುಂದೆ ಸುಮ್ನೆ ಕೂತಿರ್ತಾರೆ."

ಇದನ್ನು ಕೇಳಿದಾಗ ನನಗೆ ಖುಷಿಯೇ ಆಯಿತು. ಬೇರೆ ಯಾವ ಅಡುಗೆಯೂ ಅಲ್ಲ, ಬಸ್ಸಾರನ್ನೇ ಕೇಳಿದರಲ್ಲ! ಪೊಟ್ಯಾಸಿಯಂ ನೀರಿಗೆ ಬಿಡುವ ವಸ್ತು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ, ಆ ನೀರು ಬಸಿದರೆ ಅದರ ದೊಡ್ಡ ಪಾಲು ನೀರಿನ ಜೊತೆ ಹೋಗುತ್ತದೆ. ಈಗ ಬಸ್ಸಾರು ಮಾಡುವುದು ಹೇಗೆ? ದಂಟಿನ ಸೊಪ್ಪನ್ನೋ ಸಬ್ಬಸಿಗೆಯನ್ನೋ ಬೇಳೆಕಾಳಿನ ಜೊತೆ ಬೇಯಿಸುತ್ತೇವೆ, ಬಸಿಯುತ್ತೇವೆ. ಬಸಿದ ಕಟ್ಟಿಗೆ ಮಸಾಲೆ ಅರೆದು ಹಾಕಿ ಸಾರು, ಮೇಲೆ ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ. ಅಂದರೆ ಕಿಡ್ನಿ ಕಾಯಿಲೆಯವರಿಗೆ ಡಯೆಟಿಷಿಯನ್ ಹೇಳಿಕೊಡುವ ಕೆಲಸವನ್ನು ಹಳೇ ಮೈಸೂರಿನ ಹೆಂಗಸರು ದಿನಾ ಬೆಳಗ್ಗೆ ಮಾಡಿಕೊಂಡೇ ಬಂದಿದ್ದಾರೆ. ಬಸಿದ ಮೇಲೆ ಯಾವುದನ್ನು ಯಾರ ತಟ್ಟೆಗೆ ಹಾಕಬೇಕು ಅನ್ನುವುದಷ್ಟೇ ಬದಲಾಗಬೇಕು.

"ಪಲ್ಯ ಭಾವನಿಗೆ, ಸಾರು ನಿಮಗೂ ಮಕ್ಕಳಿಗೂ. ಕಟ್ಟಿಗೆ ಇಳಿದಿರೋದು ನಿಮಗೆ ಒಳ್ಳೇದೇ, ಅವರಿಗೆ ಬೇಡ."

"ಮತ್ತೆ ಅವರು ಮುದ್ದೆ ನುಂಗೋದು ಯಾವುದರಲ್ಲಿ?"

ಒಳ್ಳೆಯ ಪ್ರಶ್ನೆ. ಅವರಿಗೆ ಬೇರೆ ಒಂದು ಸೌಟು ಮೆಣಸು-ಜೀರಿಗೆ ಸಾರು, ಹುಣಸೆಹುಳಿ ಕಮ್ಮಿ, ಟೊಮ್ಯಾಟೊ ಕಮ್ಮಿ. ರಾಗಿಯಲ್ಲಿ ಅಕ್ಕಿಗಿಂತ ಪೊಟ್ಯಾಸಿಯಂ, ಫಾಸ್ಫರಸ್ ಎರಡೂ ಹೆಚ್ಚು ಅನ್ನುವುದು ನಿಜ. ಆದರೆ ಧಾನ್ಯ, ಕಾಳುಗಳಲ್ಲಿರುವ ಫಾಸ್ಫರಸ್ ಪೂರ್ತಿ ಮೈಗೆ ಹತ್ತುವುದಿಲ್ಲ, ಒಂದು ಪಾಲು ಹಾಗೇ ಹೊರಗೆ ಹೋಗುತ್ತದೆ. ಎರಡು ಹೊತ್ತು ದೊಡ್ಡ ಮುದ್ದೆ ಉಣ್ಣುತ್ತಿದ್ದವರು ಒಂದು ಹೊತ್ತಿಗೆ ಒಂದು ಸಣ್ಣ ಮುದ್ದೆ ಉಂಡು, ಇನ್ನೊಂದು ಹೊತ್ತು ಅನ್ನ ಉಣ್ಣಬಹುದೇ ಅಂತ ಡಯೆಟಿಷಿಯನ್ ಹತ್ತಿರ ಕೇಳಿ ಅಂದೆ. ರಾಗಿಯನ್ನೇ ಬಿಡಿಸಬೇಕು ಅಂತ ಮೊದಲೇ ತೀರ್ಮಾನ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಬಸಿಯುವ ವಿಷಯದಲ್ಲಿ ಇನ್ನೊಂದು ಮಾತಿದೆ. ಕುಕ್ಕರಿನಲ್ಲಿ ಅಳತೆ ನೀರಿಟ್ಟು ಕೂಗಿಸಿದರೆ ಏನೂ ಹೊರಗೆ ಹೋಗುವುದಿಲ್ಲ, ಎಲ್ಲ ಒಳಗೇ ಇರುತ್ತದೆ. ತೆರೆದ ಪಾತ್ರೆ, ಹೆಚ್ಚು ನೀರು ಬೇಕು. ಬರೀ ನೆನೆಸಿಟ್ಟರೂ ಸಾಲದು, ಕುದಿಸಿ ಬಸಿಯಬೇಕು. ಆಲೂಗಡ್ಡೆ, ಸುವರ್ಣಗೆಡ್ಡೆ, ಗೆಣಸು ಇಂಥವನ್ನು ಯಾವಾಗಲೋ ಒಮ್ಮೆ ಆಸೆಪಟ್ಟರೆ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಒಂದು ನೀರು ಬಸಿದು ಇನ್ನೊಂದು ನೀರಿನಲ್ಲಿ ಮತ್ತೆ ಬೇಯಿಸುವುದು. ಸೋರೆ, ಹೀರೆ, ಪಡವಲ, ಬೂದುಗುಂಬಳ, ಸೀಮೆಬದನೆ, ತೊಂಡೆ, ಎಲೆಕೋಸು ಇವುಗಳ ಬಗ್ಗೆ ಅಷ್ಟು ಹೆದರಬೇಕಿಲ್ಲ. ಮೈಸೂರಿನ ಸಂತೆಯಲ್ಲಿ ವರ್ಷಪೂರ್ತಿ ಇವಕ್ಕೆ ಬರವಿಲ್ಲವಲ್ಲ! ಹಣ್ಣಿನಲ್ಲಿ ಸೇಬು, ಅನಾನಸ್ ಒಂದೆರಡು ಹೋಳು ಪರವಾಗಿಲ್ಲ. ಅನಾನಸ್ಸು ನೂರು ಗ್ರಾಮಿಗೆ ಸುಮಾರು 110 ಮಿಲಿಗ್ರಾಂ ಪೊಟ್ಯಾಸಿಯಂ, ಬಾಳೆಹಣ್ಣಿನಲ್ಲಿ ಅದರ ಮೂರು ಪಟ್ಟು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಪೊಟ್ಯಾಸಿಯಂ ಹತೋಟಿಯಲ್ಲಿ ಇರುವ ಕಿಡ್ನಿ ಕಾಯಿಲೆಯವರು ಹಣ್ಣು, ತರಕಾರಿ ಬಿಡಬೇಕಾಗಿಲ್ಲ. ಕಿಡ್ನಿ ಸೊರಗಿದಾಗ ರಕ್ತದಲ್ಲಿ ಆಮ್ಲ ಸೇರುತ್ತದೆ, ತರಕಾರಿ ಅದನ್ನು ತಗ್ಗಿಸಲು ನೆರವಾಗುತ್ತದೆ. ನಾರಿನಂಶದಿಂದ ಮಲಬದ್ಧತೆಯೂ ತಪ್ಪುತ್ತದೆ, ಹೊಟ್ಟೆ ಸರಿಯಾಗಿ ಹೋದರೆ ಪೊಟ್ಯಾಸಿಯಂ ಒಂದಿಷ್ಟು ಆ ದಾರಿಯಲ್ಲೂ ಹೋಗುತ್ತದೆ. ನಮ್ಮ ಬೀದಿಯ ಕೊನೆಯ ಮನೆಯ ಕಿಡ್ನಿ ಕಾಯಿಲೆಯವರಿಗೆ ಕೊಟ್ಟ ಪಥ್ಯದ ಪಟ್ಟಿಯನ್ನು ಫೋಟೋ ಹೊಡೆದು ಭಾವನವರ ಫ್ರಿಜ್ಜಿನ ಮೇಲೆ ಅಂಟಿಸುವುದು ಬೇಡ ಅಂತ ನಾನು ಹಟ ಹಿಡಿದದ್ದು ಇದಕ್ಕೇ. ಈ ಕಾಯಿಲೆಯಲ್ಲಿ ಎಲ್ಲರಿಗೂ ಆಗುವ ಒಂದು ಪಟ್ಟಿ ಅಂತ ಇಲ್ಲ. ಊಟ ಅವರವರ ರಿಪೋರ್ಟಿಗೆ ತಕ್ಕಂತೆ.

"ಬೇಳೆ, ಮೊಟ್ಟೆ, ಹಾಲು ಎಲ್ಲಾ ನಿಲ್ಲಿಸಿಬಿಟ್ಟಿದ್ದೀನಿ. ಬರೀ ಗಂಜಿ. ಮೊನ್ನೆ ಟೆಸ್ಟಲ್ಲಿ ಕ್ರಿಯಾಟಿನಿನ್ ಚೂರು ಇಳಿದಿದೆ ಗೊತ್ತಾ?" ಅಕ್ಕನ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಅದನ್ನು ಅಳಿಸಲು ನನಗೆ ಮನಸ್ಸಿರಲಿಲ್ಲ. ಆದರೂ ಹೇಳಲೇಬೇಕಿತ್ತು. ಕ್ರಿಯಾಟಿನಿನ್ ಹುಟ್ಟುವುದು ನಮ್ಮ ಮಾಂಸಖಂಡದಿಂದ. ಉಣ್ಣದೆ ಮಾಂಸಖಂಡ ಕರಗಿದರೆ ಆ ಸಂಖ್ಯೆ ಇಳಿಯುತ್ತದೆ, ಕಿಡ್ನಿ ಸುಧಾರಿಸಿರುವುದಿಲ್ಲ. ಭಾವನವರ ಅಂಗಿ ಭುಜದಲ್ಲಿ ಜೋತಾಡುತ್ತಿರುವುದನ್ನು ನಾನು ಗೋಡೆಯ ಈಚೆಯಿಂದಲೇ ನೋಡಿದ್ದೆ.

ಪ್ರೋಟೀನು ಅತಿಯಾಗಬಾರದು, ಅಷ್ಟೆ. ಡಯಾಲಿಸಿಸ್ ಇಲ್ಲದ ಈ ಹಂತದಲ್ಲಿ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.8 ಗ್ರಾಂ ಅನ್ನುವುದು ಈಗಿನ ಲೆಕ್ಕ. 65 ಕೆಜಿಯವರಿಗೆ 52 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ, ಒಂದು ಹಿಡಿ ತೊಗರಿಬೇಳೆಯಲ್ಲಿ ಏಳರ ಹತ್ತಿರ, ನೂರು ಗ್ರಾಂ ಅಕ್ಕಿಯಲ್ಲೂ ಏಳರ ಹತ್ತಿರ. ಅಳತೆಯಲ್ಲಿ ಎಲ್ಲವೂ ಬರುತ್ತದೆ. ಭಾನುವಾರದ ಕೋಳಿಸಾರಿನಲ್ಲಿ ಎರಡು ತುಂಡು ತಿಂದರೆ ಏನೂ ಆಗುವುದಿಲ್ಲ, ಬೋಗುಣಿ ತುಂಬ ತಿನ್ನುವುದು ಬೇಡ. ಡಯಾಲಿಸಿಸ್ ಶುರುವಾದವರಿಗೆ ಲೆಕ್ಕವೇ ತಿರುಗುತ್ತದೆ. ಅವರಿಗೆ ಕೆಜಿಗೆ ಒಂದರಿಂದ 1.2 ಗ್ರಾಂ ಬೇಕು, ಯಾಕೆಂದರೆ ಡಯಾಲಿಸಿಸ್ಸಿನಲ್ಲಿ ಒಂದಿಷ್ಟು ಪೋಷಕಾಂಶ ಕಳೆದುಹೋಗುತ್ತದೆ. ನಮ್ಮತ್ತೆಗೆ ಆಗ ಮೊಟ್ಟೆಯ ಬಿಳಿಭಾಗ ದಿನಾ ಕೊಡಲು ಹೇಳಿದ್ದರು. ಅದರಲ್ಲಿ ಪ್ರೋಟೀನು ಚೆನ್ನಾಗಿದೆ, ಫಾಸ್ಫರಸ್ ಬಹಳ ಕಡಿಮೆ. "ಮುಂಚೆ ಬೇಡ ಅಂದ್ರಿ, ಈಗ ತಿನ್ನು ಅಂತೀರಿ" ಅಂತ ಅತ್ತೆ ಡಾಕ್ಟರನ್ನೇ ಕೇಳಿದ್ದರು!

ಗಂಜಿ ಅಂದಾಗ ನೆನಪಾಗುವುದು ವಾಲ್ಟರ್ ಕೆಂಪ್ನರ್. ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋಗಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ವೈದ್ಯ. 1939ರಲ್ಲಿ, ಡಯಾಲಿಸಿಸ್ಸೂ ಇಲ್ಲದ, ಬಿ.ಪಿ.ಗೆ ಒಳ್ಳೆಯ ಮಾತ್ರೆಯೂ ಇಲ್ಲದ ಕಾಲದಲ್ಲಿ, ಕಿಡ್ನಿ ಮತ್ತು ಬಿ.ಪಿ. ಕಾಯಿಲೆಯವರಿಗೆ ಅವರು ಅನ್ನ, ಹಣ್ಣು, ಸಕ್ಕರೆ ಇಷ್ಟನ್ನೇ ಕೊಡಲು ಶುರುಮಾಡಿದರು. ಉಪ್ಪು ಇಲ್ಲವೇ ಇಲ್ಲ ಅನ್ನುವಷ್ಟು, ಪ್ರೋಟೀನು ಸುಮಾರು 20 ಗ್ರಾಂ. ಎಷ್ಟೋ ಜನರ ಬಿ.ಪಿ. ಇಳಿಯಿತು. ಊಟದಿಂದಲೇ ಇಷ್ಟು ಸಾಧ್ಯ ಅಂತ ತೋರಿಸಿದ ಆ ಮನುಷ್ಯನ ಬಗ್ಗೆ ನನಗೆ ಗೌರವವಿದೆ. ಇವತ್ತು ಮಾತ್ರೆಗಳಿರುವಾಗ ಅಷ್ಟು ಕಠಿಣ ಪಥ್ಯವನ್ನು ಮನೆಯಲ್ಲಿ ಯಾರೂ ತಾವಾಗಿಯೇ ಮಾಡಬಾರದು.

ನೀರಿನ ಪ್ರಶ್ನೆಗೆ ಅಕ್ಕ ಮತ್ತೆ ಬಂದರು. ಭಾವನವರಿಗೆ ಊತವಿಲ್ಲ, ಮೂತ್ರ ಚೆನ್ನಾಗಿ ಹೋಗುತ್ತಿದೆ. ಹಾಗಿದ್ದರೆ ಬಾಯಾರಿಕೆಗೆ ತಕ್ಕಷ್ಟು ಕುಡಿಯಲಿ, ಕಟ್ಟಿ ಹಿಡಿಯುವುದೂ ಬೇಡ, ನಾಲ್ಕು ಲೀಟರ್ ಒತ್ತಿ ಕುಡಿಸುವುದೂ ಬೇಡ. ಜಾಸ್ತಿ ನೀರು ಕುಡಿಸಿದರೆ ಸೊರಗಿದ ಕಿಡ್ನಿ ತೊಳೆದು ಶುದ್ಧವಾಗುತ್ತದೆ ಅನ್ನುವುದು ಸುಳ್ಳು. ಮೂತ್ರ ಕಡಿಮೆಯಾದ, ಡಯಾಲಿಸಿಸ್ಸಿಗೆ ಹೋಗುವವರಿಗೆ ಮಾತ್ರ ಅಳತೆ ಬರುತ್ತದೆ. ಸಾಮಾನ್ಯವಾಗಿ ಹಿಂದಿನ ದಿನ ಹೋದ ಮೂತ್ರದಷ್ಟು, ಅದರ ಮೇಲೆ ಅರ್ಧ ಲೀಟರ್. ಆಗ ಸಾರು, ಮಜ್ಜಿಗೆ, ಕಾಫಿ, ಗಂಜಿ, ಐಸ್‌ಕ್ರೀಮು ಎಲ್ಲವೂ ನೀರಿನ ಲೆಕ್ಕವೇ. ನಮ್ಮತ್ತೆ ಬೇಸಿಗೆಯಲ್ಲಿ ಒಂದು ತುಂಡು ಮಂಜುಗಡ್ಡೆ ಬಾಯಲ್ಲಿಟ್ಟುಕೊಳ್ಳುತ್ತಿದ್ದರು, ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದರು. ದೊಡ್ಡ ಲೋಟವನ್ನು ಅಟ್ಟಕ್ಕೆ ಹಾಕಿ ಸಣ್ಣ ಲೋಟ ಇಟ್ಟುಕೊಂಡಿದ್ದರು. ಉಪ್ಪು ತಗ್ಗಿಸಿದ ದಿನ ಬಾಯಾರಿಕೆ ತಾನಾಗಿಯೇ ತಗ್ಗುತ್ತಿತ್ತು.

ಬೆಳಗಿನ ಫಿಲ್ಟರ್ ಕಾಫಿ ಒಂದೆರಡು ಸಣ್ಣ ಲೋಟ ಇರಲಿ. ಮಜ್ಜಿಗೆಗೆ ಉಪ್ಪು ಬೇಡ. ಕೋಲಾ ಮನೆಗೇ ತರಬೇಡಿ, ಅದರಲ್ಲಿ ಫಾಸ್ಫಾರಿಕ್ ಆಮ್ಲ ಇರುತ್ತದೆ, ಬಾಟಲಿಯ ಮೇಲೆ 338 ಅಂತ ಸಂಖ್ಯೆ ಬರೆದಿರುತ್ತಾರೆ. 339ರಿಂದ 341, 450ರಿಂದ 452 ಅಂತ ಯಾವ ಪ್ಯಾಕೆಟ್ಟಿನ ಮೇಲೆ ಕಂಡರೂ ಅದು ಬೆರೆಸಿದ ಫಾಸ್ಫೇಟು. ಕಾಳಿನಲ್ಲಿರುವುದರ ಹಾಗಲ್ಲ, ಇದು ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಕನ್ನಡಕ ಹಾಕಿಕೊಂಡು ಓದಿ, ಆಗದಿದ್ದರೆ ಮೊಮ್ಮಗನನ್ನು ಕೂರಿಸಿಕೊಳ್ಳಿ ಅಂದೆ.

"ಮಲೆನಾಡಿನಿಂದ ನಾದಿನಿ ಧಾರೆಹುಳಿ ಕಳಿಸಿದ್ದಾಳೆ. ಉಪ್ಪು ಹಾಕದೆ ಬರೀ ಜ್ಯೂಸ್ ಮಾಡಿಕೊಡಲಾ?"

ಅಡ್ಡ ಕೊಯ್ದರೆ ನಕ್ಷತ್ರ ಕಾಣುವ ಆ ಹಣ್ಣು, ಕಮರಾಕ್ಷಿ ಅಂತಲೂ ಕರೆಯುತ್ತಾರೆ, ಭಾವನವರ ನಾಲಿಗೆಗೆ ಒಂದು ಹೋಳೂ ತಾಗಬಾರದು. ಅದರಲ್ಲಿ ನರಮಂಡಲಕ್ಕೆ ವಿಷವಾಗುವ ಒಂದು ವಸ್ತುವಿದೆ. ಬ್ರೆಜಿಲ್ ದೇಶದ ವಿಜ್ಞಾನಿಗಳು 2013ರಲ್ಲಿ ಅದನ್ನು ಬೇರ್ಪಡಿಸಿ ಕ್ಯಾರಂಬಾಕ್ಸಿನ್ ಅಂತ ಹೆಸರಿಟ್ಟರು. ಗಟ್ಟಿ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ, ಸೊರಗಿದ ಕಿಡ್ನಿ ಹಾಕಲಾರದು. ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಗೊಂದಲ, ಫಿಟ್ಸು, ಜೀವಕ್ಕೂ ಅಪಾಯ. ಈ ಮಾತನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ, ಯಾಕೆಂದರೆ ಹಿತ್ತಲಿನ ಹಣ್ಣು ಅಂದ ಮೇಲೆ ಯಾರೂ ಅನುಮಾನ ಪಡುವುದಿಲ್ಲ.

ಕತ್ತಲಾಗುತ್ತಾ ಬಂದಿತ್ತು, ಉಳಿದದ್ದನ್ನು ಬೇಗ ಬೇಗ ಹೇಳಿದೆ. ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆ ಕಿಡ್ನಿಗೆ ಕೆಡುಕು. ಒಳಗೇನಿದೆ ಅಂತ ಗೊತ್ತಿಲ್ಲದ ಚೂರ್ಣ, ಭಸ್ಮಗಳೂ ಬೇಡ. ಕಿಡ್ನಿ ಕುಗ್ಗಿದಾಗ ಇನ್ಸುಲಿನ್ನೂ ಕೆಲವು ಸಕ್ಕರೆ ಮಾತ್ರೆಗಳೂ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ, ಸಕ್ಕರೆ ತೀರಾ ಇಳಿದು ಬೆವರಬಹುದು. ಆಗ ಕಿತ್ತಳೆ ರಸ ಕೊಡದೆ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಕೊಡಬೇಕು. ವಾಂತಿ-ಭೇದಿಯಾದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ, ಕೆಲವು ಮಾತ್ರೆಗಳನ್ನು ಅವರು ಆ ದಿನಗಳಿಗೆ ನಿಲ್ಲಿಸಬಹುದು. ಸಂಕ್ರಾಂತಿಯ ಎಳ್ಳುಬೆಲ್ಲ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳಲಿ, ಹಿಡಿ ತುಂಬ ಬೇಡ. ಎಳ್ಳು, ಕಡಲೆಬೀಜ, ಕೊಬ್ಬರಿ, ಬೆಲ್ಲ ಎಲ್ಲದರಲ್ಲೂ ಅವರಿಗೆ ಬೇಡವಾದದ್ದು ತುಂಬಿದೆ, ಸಕ್ಕರೆ ಕಾಯಿಲೆಯಂತೂ ಇದ್ದೇ ಇದೆ.

"ಇಷ್ಟೆಲ್ಲಾ ಡಾಕ್ಟರು ಹೇಳಲೇ ಇಲ್ವಲ್ಲ ಕಣೇ. ಹೊರಗೆ ಇನ್ನೂ ಐವತ್ತು ಜನ ಕಾಯ್ತಿದ್ರು."

ಅದಕ್ಕೇ ಅಕ್ಕ, ಮುಂದಿನ ಸಲ ಹೋದಾಗ ಕುರ್ಚಿಯಿಂದ ಏಳುವ ಮುಂಚೆ ಕೇಳಿ: ಪೊಟ್ಯಾಸಿಯಂ ಎಷ್ಟಿದೆ, ಫಾಸ್ಫರಸ್ ಎಷ್ಟಿದೆ, ಬೈಕಾರ್ಬೊನೇಟ್ ಎಷ್ಟಿದೆ, ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದೆಯಾ. ಅದನ್ನೆಲ್ಲ ಬರೆದುಕೊಂಡ ಚೀಟಿ ಹಿಡಿದು ಅದೇ ಆಸ್ಪತ್ರೆಯ ಡಯೆಟಿಷಿಯನ್ ಹತ್ತಿರ ಅರ್ಧ ಗಂಟೆ ಕೂತು, ಭಾವ ದಿನಾ ಏನು ಉಣ್ಣುತ್ತಾರೆ ಅಂತ ಮುದ್ದೆ-ಬಸ್ಸಾರಿನ ಸಮೇತ ಹೇಳಿ ಬರೆಸಿಕೊಂಡು ಬನ್ನಿ. ಅಲ್ಲಿಯವರೆಗೆ ಗಂಜಿ ನಿಲ್ಲಿಸಿ, ನಾಳೆ ಮಧ್ಯಾಹ್ನ ಬಸಿದ ಸೊಪ್ಪಿನ ಪಲ್ಯದ ಜೊತೆ ಅವರಿಗೆ ಬಿಸಿಬಿಸಿ ಊಟ ಬಡಿಸಿ.